ಎಣಿಸಿ ಆಡಿಸುವವರು: ಶಿವಮೊಗ್ಗದ ಒಂದು ಟೆನಿಸ್ ತರಬೇತಿ ಕೇಂದ್ರದಲ್ಲಿ ಹದಿನಾಲ್ಕು ತಿಂಗಳು

ಅಡಿಕೆ ಮಂಡಿಗಳಲ್ಲಿ ತೂಕ ಬರೆದಿಡಲು ಬಳಸುವಂಥ ಉದ್ದನೆಯ, ಕೆಂಪು ಬೆನ್ನಿನ ಲೆಕ್ಕದ ಪುಸ್ತಕವೊಂದು ಆ ಟೆನಿಸ್ ಕೋರ್ಟಿನ ತಗಡಿನ ಮಾಡಿನ ಕೆಳಗೆ, ನೀರಿನ ಕ್ಯಾನಿನ ಪಕ್ಕದ ಮೇಜಿನ ಮೇಲೆ, ದಾರದಲ್ಲಿ ಕಟ್ಟಿದ ಪೆನ್ನಿನೊಂದಿಗೆ ಸದಾ ತೆರೆದೇ ಇರುತ್ತದೆ. ಬರುವ ಪ್ರತಿ ಮಗುವೂ ಬೂಟಿನ ಲೇಸು ಬಿಗಿಯುವ ಮೊದಲು ಅದರಲ್ಲಿ ತನ್ನ ಹೆಸರಿನ ಮುಂದೆ ಮೂರು ಸಂಗತಿಗಳನ್ನು ಬರೆಯಬೇಕು: ರಾತ್ರಿ ಎಷ್ಟು ಗಂಟೆ ನಿದ್ದೆಯಾಯಿತು, ಮೈಯಲ್ಲಿ ಎಲ್ಲಾದರೂ ನೋವಿದೆಯೇ, ಇದ್ದರೆ ಅದು ಹತ್ತಕ್ಕೆ ಎಷ್ಟು. ಮನೆಗೆ ಹೊರಡುವಾಗ ಇನ್ನೆರಡು: ಎಷ್ಟು ನಿಮಿಷ ಆಡಿದ್ದು, ಎಷ್ಟು ಸರ್ವ್ (ಚೆಂಡನ್ನು ಮೇಲಕ್ಕೆಸೆದು ಆಟ ಆರಂಭಿಸುವ ಹೊಡೆತ) ಮಾಡಿದ್ದು. ಮಗಳನ್ನು ಸೇರಿಸಿದ ಮೊದಲ ದಿನ ನಾನು ಇದನ್ನು ಹಾಜರಿ ಪುಸ್ತಕವೆಂದೇ ತಿಳಿದಿದ್ದೆ. ಹದಿನಾಲ್ಕು ತಿಂಗಳಾದ ಮೇಲೆ, ನಾವು ಕೊಡುವ ಶುಲ್ಕದಲ್ಲಿ ಅರ್ಧಕ್ಕೂ ಹೆಚ್ಚು ಸಲ್ಲಬೇಕಾದದ್ದು ಈ ಪುಸ್ತಕಕ್ಕೇ ಎಂಬ ತೀರ್ಮಾನಕ್ಕೆ ಬಂದಿದ್ದೇನೆ.

ಕೇಂದ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇರುವುದು ಎರಡೇ ಕೋರ್ಟು, ಇಪ್ಪತ್ತನಾಲ್ಕು ಮಕ್ಕಳು. ಆಗಲೇ ಕಾದಿರುವವರ ಪಟ್ಟಿಯೊಂದು ಬೆಳೆದಿರುವುದರಿಂದ ಪ್ರಚಾರ ಬೇಡವೆಂದು ನಡೆಸುವವರೇ ಕೇಳಿಕೊಂಡಿದ್ದಾರೆ. ಶಿವಮೊಗ್ಗದ ಹೊರವಲಯದಲ್ಲಿ ಅಡಿಕೆ ತೋಟವೊಂದರ ಬೇಲಿಗೆ ತಾಗಿಕೊಂಡು ಒಂದು ಮಣ್ಣಿನ ಕೋರ್ಟು, ಒಂದು ಸಿಮೆಂಟ್ ಕೋರ್ಟು ಇದೆ ಎಂದಷ್ಟೇ ಹೇಳಬಲ್ಲೆ. ಮಗುವನ್ನು ಟೆನಿಸ್‌ಗೆ ಸೇರಿಸಹೊರಟ ತಂದೆತಾಯಂದಿರು ಭದ್ರಾವತಿಯಲ್ಲಿದ್ದರೂ ಸಾಗರದಲ್ಲಿದ್ದರೂ ಯಾವುದೇ ತರಬೇತಿ ಕೇಂದ್ರದಲ್ಲಿ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ಈ ಬರಹದಿಂದ ತಿಳಿದರೆ ಹೆಸರಿನ ಕೊರತೆ ಅಷ್ಟಾಗಿ ಕಾಡಲಾರದು.

ನಾವು ಇಲ್ಲಿಗೆ ಬಂದದ್ದು ಹುಡುಕಿಕೊಂಡಲ್ಲ, ಪೆಟ್ಟು ತಿಂದು. ಮಗಳು ಒಂಬತ್ತನೆಯ ವಯಸ್ಸಿನಲ್ಲಿ ಬೇರೊಂದು ಕಡೆ ಆಟ ಆರಂಭಿಸಿದ್ದಳು. ಅಲ್ಲಿಯ ಪದ್ಧತಿ ಸರಳವಾಗಿತ್ತು: ಸಂಜೆಯ ಕೊನೆಗೆ ಒಂದು ಬುಟ್ಟಿ ಚೆಂಡು ಮುಂದಿಟ್ಟು, ಅದು ಖಾಲಿಯಾಗುವ ತನಕ ಸರ್ವ್ ಮಾಡಿಸುವುದು. ಬುಟ್ಟಿಯಲ್ಲಿ ಎಷ್ಟು ಚೆಂಡಿದ್ದವೆಂದು ನಾನಾಗಲಿ ಅವಳಾಗಲಿ ಎಂದೂ ಎಣಿಸಿರಲಿಲ್ಲ. ಎಂಬತ್ತಕ್ಕೆ ಕಡಿಮೆ ಇದ್ದಿರಲಾರದು. ವಾರಕ್ಕೆ ಆರು ದಿನ ಹೀಗೆ ನಡೆದು, ಹನ್ನೊಂದು ತುಂಬುವ ಹೊತ್ತಿಗೆ ಅವಳಿಗೆ ಸೊಂಟದ ಎಡಗಡೆ ನೋವು ಕಾಣಿಸಿಕೊಂಡಿತು. ಮಲಗಿದರೆ ಇಲ್ಲ, ನಡೆದರೆ ಇಲ್ಲ. ಹಿಂದಕ್ಕೆ ಬಾಗಿ ಚೆಂಡನ್ನು ಮೇಲಕ್ಕೆಸೆಯುವಾಗ ಮಾತ್ರ ಚುಚ್ಚುತ್ತಿತ್ತು. ಅಲ್ಲಿಯ ತರಬೇತುದಾರರು ಮೈ ಪಳಗಿದರೆ ಸರಿಹೋಗುತ್ತದೆ ಎಂದರು. ಮನೆಯಲ್ಲಿ ಅಜ್ಜಿ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ತಿಕ್ಕಿದರು. ಎರಡು ತಿಂಗಳು ಹೀಗೆಯೇ ಕಳೆಯಿತು, ಮತ್ತು ಆ ಎರಡು ತಿಂಗಳ ಹೊಣೆಯಲ್ಲಿ ನನ್ನ ಪಾಲೂ ಇದೆ.

ಕೊನೆಗೆ ಮೂಳೆ ವೈದ್ಯರ ಬಳಿಗೆ ಹೋದಾಗ ಅವರು ಮಾಡಿದ ಮೊದಲ ಪರೀಕ್ಷೆಗೆ ಯಾವ ಯಂತ್ರವೂ ಬೇಕಿರಲಿಲ್ಲ. ಒಂದೇ ಕಾಲಿನ ಮೇಲೆ ನಿಲ್ಲು, ಈಗ ನಿಧಾನವಾಗಿ ಹಿಂದಕ್ಕೆ ಬಾಗು ಎಂದರು. ಬಲಗಾಲಿನ ಮೇಲೆ ನಿಂತು ಬಾಗಿದಳು. ಎಡಗಾಲಿನ ಮೇಲೆ ನಿಂತು ಬಾಗುತ್ತಿದ್ದಂತೆ ಅರ್ಧದಲ್ಲೇ ಮುಖ ಕಿವುಚಿ ಗೋಡೆ ಹಿಡಿದಳು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆದರೆ ಎಂಆರ್‌ಐಯಲ್ಲಿ, ಬೆನ್ನೆಲುಬಿನ ಸೊಂಟದ ಭಾಗದ ಕಟ್ಟಕಡೆಯ ಮಣಿಯ ಹಿಂಬದಿಯಲ್ಲಿರುವ ಸಪೂರ ಎಲುಬಿನ ಸೇತುವೆ ಬಿರುಕು ಬಿಡುವ ಹಂತಕ್ಕೆ ಬಂದಿರುವುದು ಕಂಡಿತು. ವೈದ್ಯರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು: ಸರ್ವ್ ಮಾಡುವಾಗ ಬೆನ್ನು ಹಿಂದಕ್ಕೆ ಬಾಗುತ್ತದೆ, ಅದೇ ಕ್ಷಣದಲ್ಲಿ ಪಕ್ಕಕ್ಕೂ ವಾಲಿ ತಿರುಚಿಕೊಳ್ಳುತ್ತದೆ, ಆ ಬಾಗು ಮತ್ತು ತಿರುಚು ಎರಡೂ ಸೇರಿ ಒತ್ತುವುದು ಆ ಒಂದು ಸಪೂರ ಜಾಗವನ್ನೇ. ಒಂದು ತಂತಿಯನ್ನು ಅದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಏನಾಗುತ್ತದೆಯೋ ಅದೇ ಆಗಿತ್ತು. ಇಂಥ ಬಿರುಕಿಗೆ ಸ್ಪಾಂಡಿಲೊಲೈಸಿಸ್ ಎಂಬ ಹೆಸರಿದೆ. ಟೆನಿಸ್ ಆಡುವವರಲ್ಲದೆ ಕ್ರಿಕೆಟ್ಟಿನ ಎಳೆಯ ವೇಗದ ಬೌಲರುಗಳನ್ನೂ ಇದು ಹಿಡಿಯುತ್ತದೆ. ಬಿರುಕು ಪೂರ್ತಿಯಾಗುವ ಮೊದಲೇ ಗೊತ್ತಾದದ್ದರಿಂದ ಮೂರು ತಿಂಗಳ ಪೂರ್ಣ ವಿಶ್ರಾಂತಿ, ಅನಂತರ ಹೊಟ್ಟೆ ಮತ್ತು ಸೊಂಟದ ಸ್ನಾಯುಗಳ ವ್ಯಾಯಾಮ, ಇಷ್ಟರಲ್ಲಿ ನಾವು ಪಾರಾದೆವು. ಬೆಳೆಯುವ ಮಗುವಿಗೆ ವಾರಗಟ್ಟಲೆ ಬೆನ್ನುನೋವಿದ್ದರೆ ಅದನ್ನು ದೊಡ್ಡವರ ಬೆನ್ನುನೋವಿನಂತೆ ಉದಾಸೀನ ಮಾಡಬಾರದು ಎಂಬ ಮಾತನ್ನು ಆ ವೈದ್ಯರು ಹೊರಡುವಾಗ ಎರಡು ಸಲ ಹೇಳಿದರು. ಈ ಹೊಸ ಕೇಂದ್ರದ ಸುಳಿವು ಕೊಟ್ಟವರೂ ಅವರೇ.

ಹೀಗಾಗಿ ನಾನು ಇಲ್ಲಿಗೆ ಮಗಳನ್ನು ಕರೆತಂದಾಗ ನನಗಿದ್ದದ್ದು ಒಂದೇ ಪ್ರಶ್ನೆ: ಸರ್ವ್ ಎಷ್ಟು ಮಾಡಿಸುತ್ತೀರಿ? ಅವರು ಕೊಟ್ಟ ಉತ್ತರ ನನಗೆ ಈಗಲೂ ನೆನಪಿದೆ. ಮೊದಲ ತಿಂಗಳು ತಲೆಯ ಮೇಲಿನ ಸರ್ವ್ ಒಂದೂ ಇಲ್ಲ. ಎರಡನೆಯ ತಿಂಗಳಿಂದ ದಿನಕ್ಕೆ ಹದಿನೈದು, ಅದೂ ವಾರಕ್ಕೆ ಮೂರೇ ದಿನ, ಎರಡು ಸರ್ವ್ ದಿನಗಳ ನಡುವೆ ಒಂದು ದಿನದ ಅಂತರವಿಟ್ಟು. ಹನ್ನೆರಡರೊಳಗಿನ ಮಕ್ಕಳಿಗೆ ಅಲ್ಲಿಯ ಗರಿಷ್ಠ ಮಿತಿ ದಿನಕ್ಕೆ ನಲವತ್ತು. ಬೆನ್ನನ್ನು ಇನ್ನೂ ಹೆಚ್ಚು ಬಾಗಿಸಬೇಕಾಗುವ ಕಿಕ್ ಸರ್ವನ್ನು ಹದಿನಾಲ್ಕು ತುಂಬುವವರೆಗೆ ಕಲಿಸುವುದೇ ಇಲ್ಲ. ಈ ಅಂಕಿಗಳು ಅವರು ತಮ್ಮ ಅನುಭವದಿಂದ ಇಟ್ಟುಕೊಂಡವು. ಬೇರೆಯವರು ಬೇರೆ ಅಂಕಿ ಇಡಬಹುದು. ನನಗೆ ಮುಖ್ಯವೆನಿಸಿದ್ದು ಅಂಕಿಯೊಂದು ಇದೆ, ಅದನ್ನು ಬರೆಯುತ್ತಾರೆ, ಬರೆದದ್ದನ್ನು ಓದುತ್ತಾರೆ ಎಂಬುದು.

ಸರ್ವ್ ಕಲಿಸುವ ಬಗೆಯೂ ಬೇರೆ. ಸರ್ವಿನ ಬಲದಲ್ಲಿ ಸುಮಾರು ಅರ್ಧ ಪಾಲು ಕಾಲು ಮತ್ತು ನಡುವಿನಿಂದ ಬರಬೇಕಾದದ್ದು. ಮೊಣಕಾಲು ಬಾಗದ ಮಗು ಆ ಕೊರತೆಯನ್ನು ಭುಜದಿಂದ ಮತ್ತು ಮೊಣಕೈಯಿಂದ ತುಂಬಿಸಿಕೊಳ್ಳುತ್ತದೆ, ನೋವು ಹುಟ್ಟುವುದು ಅಲ್ಲಿ. ಆದ್ದರಿಂದ ಅವರು ಮೊದಲ ತಿಂಗಳು ರ‍್ಯಾಕೆಟ್ ಇಲ್ಲದೆ, ಒಂದು ಹಳೆಯ ಕಾಲುಚೀಲದೊಳಗೆ ಚೆಂಡು ಕಟ್ಟಿ, ಮೊಣಕಾಲು ಬಗ್ಗಿಸಿ ನೆಗೆದು ಅದನ್ನು ನೆಟ್ಟಿನಾಚೆಗೆ ಎಸೆಯಲು ಹೇಳಿದರು. ನೋಡಲು ಬಂದ ಇನ್ನೊಬ್ಬ ತಂದೆ, ಇದಕ್ಕೂ ಫೀಸು ಕೊಡಬೇಕಾ ಮಾರಾಯ್ರೆ ಎಂದು ನನ್ನ ಕಿವಿಯಲ್ಲಿ ನಕ್ಕರು. ನನಗೂ ನಗು ಬಂದಿತ್ತು. ಏಪ್ರಿಲ್ ಹೊತ್ತಿಗೆ ಮಗಳ ಸರ್ವ್ ಮೊದಲಿಗಿಂತ ವೇಗವಾಗಿತ್ತು, ಬೆನ್ನು ಮೊದಲಿನ ಅರ್ಧದಷ್ಟೂ ಬಾಗುತ್ತಿರಲಿಲ್ಲ.

ಆಟಕ್ಕೆ ಮುಂಚಿನ ಹದಿನೆಂಟು ನಿಮಿಷಗಳ ಬಗ್ಗೆ ವಿವರವಾಗಿ ಬರೆಯಬೇಕು, ಏಕೆಂದರೆ ಹೆಚ್ಚಿನ ಕಡೆಗಳಲ್ಲಿ ಇದು ಕೋರ್ಟಿಗೆ ಎರಡು ಸುತ್ತು ಓಡಿ ಮುಗಿಯುತ್ತದೆ. ಇಲ್ಲಿ ಮೊದಲು ಹಗ್ಗದಾಟ. ಬಳಿಕ ಕೋರ್ಟಿನ ಅಗಲಕ್ಕೆ ಅಡ್ಡ ಹೆಜ್ಜೆ, ಮೊಣಕಾಲನ್ನು ಎದೆಗೆ ತರುವ ನಡಿಗೆ, ಒಂದು ಕಾಲು ಮುಂದಿಟ್ಟು ಕುಳಿತು ನಡುವನ್ನು ತಿರುಗಿಸುವುದು. ನಿಂತಲ್ಲೇ ಸ್ನಾಯುವನ್ನು ಎಳೆದು ಹಿಡಿಯುವ ವ್ಯಾಯಾಮವನ್ನು ಆಟದ ಕೊನೆಗೆ ಇಟ್ಟಿದ್ದಾರೆ, ಆರಂಭಕ್ಕಲ್ಲ. ಆಮೇಲೆ ಒಂಟಿ ಕಾಲಿನ ಮೇಲೆ ನಿಂತು ಜೊತೆಗಾರನೊಂದಿಗೆ ಚೆಂಡು ಹಿಡಿದು ಎಸೆಯುವುದು. ಇದು ಕಾಲ ಮಣಿಕಟ್ಟು ಹೊರಳದಂತೆ ಕಾಯುವ ಸಮತೋಲನದ ಅಭ್ಯಾಸ. ಕೊನೆಯದು ನನಗೆ ಬಹಳ ಇಷ್ಟವಾದದ್ದು. ಪಂಚರ್ ಅಂಗಡಿಯಿಂದ ತಂದ ಹಳೆಯ ಸೈಕಲ್ ಟ್ಯೂಬುಗಳನ್ನು ಉದ್ದಕ್ಕೆ ಸೀಳಿ ನೆಟ್ಟಿನ ಕಂಬಕ್ಕೂ ಬೇಲಿಯ ಕಂಬಗಳಿಗೂ ಕಟ್ಟಿದ್ದಾರೆ. ಮಗು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಕಂಕುಳಲ್ಲಿ ಮಡಿಸಿದ ಟವೆಲ್ಲೊಂದನ್ನು ಬೀಳದಂತೆ ಹಿಡಿದು, ಟ್ಯೂಬನ್ನು ಹೊರಕ್ಕೆ ಹದಿನೈದು ಸಲ ಎಳೆಯಬೇಕು. ಭುಜದ ಹಿಂಬದಿಯ ಸಣ್ಣ ಸ್ನಾಯುಗಳಿಗೆ ಇದು ಕೆಲಸ ಕೊಡುತ್ತದೆ. ಸರ್ವ್ ಮುಗಿದ ಮೇಲೆ ವೇಗವಾಗಿ ಹೋಗುತ್ತಿರುವ ಕೈಗೆ ಬ್ರೇಕು ಹಾಕುವವು ಅವೇ, ಮತ್ತು ಬರೀ ಆಟವಾಡಿದರೆ ಬಲಗೊಳ್ಳದೆ ಹಿಂದುಳಿಯುವವೂ ಅವೇ. ಟವೆಲ್ ಬಿದ್ದರೆ ಆ ಸಲದ್ದು ಲೆಕ್ಕಕ್ಕಿಲ್ಲ. ಅಂಗಡಿಯಲ್ಲಿ ಬಣ್ಣದ ರಬ್ಬರ್ ಪಟ್ಟಿಗಳು ಸಿಗುತ್ತವೆ ನಿಜ, ಆದರೆ ಟ್ಯೂಬು ಹರಿದರೆ ಇನ್ನೊಂದು ಪುಕ್ಕಟೆ ಬರುತ್ತದೆ.

ಸಾಮಗ್ರಿಯ ವಿಷಯಕ್ಕೆ ಬರೋಣ. ಸೇರುವಾಗಲೇ ನಮ್ಮ ರ‍್ಯಾಕೆಟನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿ ಪಕ್ಕಕ್ಕಿಟ್ಟುಬಿಟ್ಟರು. ಅದು 27 ಇಂಚಿನ, ಸುಮಾರು 300 ಗ್ರಾಂ ತೂಕದ, ದೊಡ್ಡವರು ಆಡುವ ರ‍್ಯಾಕೆಟ್. ಬೇಗ ಬೆಳೆಯುತ್ತಾಳೆ, ಮತ್ತೊಂದು ಕೊಳ್ಳುವುದು ತಪ್ಪಲಿ ಎಂಬ ಮಧ್ಯಮ ವರ್ಗದ ಲೆಕ್ಕದಲ್ಲಿ, ಶಾಲೆಯ ಸಮವಸ್ತ್ರವನ್ನು ಎರಡಳತೆ ದೊಡ್ಡದು ಹೊಲಿಸುವಂತೆ, ನಾನೇ ಕೊಡಿಸಿದ್ದು. ಅದಕ್ಕೆ ಹಾಕಿದ್ದ ಗಟ್ಟು, ಅಂದರೆ ಚೆಂಡು ಬಡಿಯುವ ಬಲೆಯ ತಂತಿ, ಪಾಲಿಯೆಸ್ಟರಿನದು, ಬಿಗಿಯಾದದ್ದು; ಚೆಂಡಿನ ಹೊಡೆತದ ಅದುರು ನೇರವಾಗಿ ಮಣಿಕಟ್ಟಿಗೂ ಮೊಣಕೈಗೂ ಇಳಿಯುವುದು ಇಂಥ ಗಟ್ಟಿನಿಂದ. ಬದಲಿಗೆ 26 ಇಂಚಿನ ಹಗುರ ರ‍್ಯಾಕೆಟಿಗೆ ನೈಲಾನ್ ಗಟ್ಟನ್ನು ಸಡಿಲವಾಗಿ ಹಾಕಿಸಿ ತರಲು ಹೇಳಿದರು. ಹಿಡಿಕೆಯ ಗಾತ್ರವನ್ನು ನೋಡುವ ಉಪಾಯವನ್ನೂ ತೋರಿಸಿದರು: ಹಿಡಿಕೆಯನ್ನು ಸಹಜವಾಗಿ ಹಿಡಿದಾಗ ಬೆರಳ ತುದಿಗೂ ಅಂಗೈಯ ಬುಡಕ್ಕೂ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರುವಷ್ಟು ಜಾಗವಿರಬೇಕು. ಹಳೆಯ ರ‍್ಯಾಕೆಟಿನಲ್ಲಿ ಮಗಳ ಬೆರಳು ಅಂಗೈಯ ಹತ್ತಿರಕ್ಕೂ ಬರುತ್ತಿರಲಿಲ್ಲ.

ಚೆಂಡುಗಳದ್ದು ಇನ್ನೊಂದು ಕತೆ. ಟಿವಿಯಲ್ಲಿ ಕಾಣುವ ಹಳದಿ ಚೆಂಡನ್ನೇ ಮಕ್ಕಳೂ ಆಡಬೇಕೆಂದು ನಾವೆಲ್ಲ ತಿಳಿದಿದ್ದೆವು. ಆದರೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದಲೇ ಹತ್ತು ವರ್ಷದೊಳಗಿನವರ ಪಂದ್ಯಗಳಲ್ಲಿ ಆ ಚೆಂಡನ್ನು ನಿಷೇಧಿಸಿದೆ. ಅದರ ಬದಲು ಮಕ್ಕಳಿಗೆಂದೇ ಇರುವ ನಿಧಾನದ ಚೆಂಡುಗಳಲ್ಲಿ ಕೆಂಪು ಚೆಂಡು ಸಾಮಾನ್ಯ ಚೆಂಡಿಗಿಂತ ಶೇ. 75ರಷ್ಟು ನಿಧಾನ, ಕಿತ್ತಳೆ ಶೇ. 50, ಹಸಿರು ಚುಕ್ಕೆಯದು ಶೇ. 25. ಕೆಂಪು ಚೆಂಡಿಗೆ 36 ಅಡಿ ಉದ್ದದ ಕೋರ್ಟು ಸಾಕು, ಕಿತ್ತಳೆಗೆ 60 ಅಡಿ, ಹಸಿರಿಗೆ 78 ಅಡಿಯ ಪೂರ್ಣ ಕೋರ್ಟು. ಇದು ಮಕ್ಕಳಿಗೆ ಆಟ ಸುಲಭವಾಗಲಿ ಎಂಬ ಮುದ್ದಷ್ಟೇ ಅಲ್ಲ. ಹಳದಿ ಚೆಂಡು ಪುಟಿದು ಒಂಬತ್ತು ವರ್ಷದ ಮಗುವಿನ ಭುಜಕ್ಕಿಂತ, ಕೆಲವೊಮ್ಮೆ ತಲೆಗಿಂತ ಮೇಲಕ್ಕೆ ಬರುತ್ತದೆ. ಅಷ್ಟೆತ್ತರದ ಚೆಂಡನ್ನು ಹೊಡೆಯಲು ಮಗು ಹಿಡಿತವನ್ನು ಅತಿಯಾಗಿ ತಿರುಗಿಸಿಕೊಳ್ಳುತ್ತದೆ, ಮಣಿಕಟ್ಟಿನಿಂದ ಎಳೆದು ಬಾರಿಸುತ್ತದೆ, ಆ ತಪ್ಪು ಹಿಡಿತ ದೊಡ್ಡವರಾದ ಮೇಲೂ ಬಿಡುವುದಿಲ್ಲ. ಸೊಂಟದೆತ್ತರಕ್ಕೆ ಪುಟಿಯುವ ಚೆಂಡಿನಲ್ಲಿ ಈ ತಾಪತ್ರಯವೇ ಇಲ್ಲ. ಹನ್ನೊಂದು ತುಂಬಿದ ನನ್ನ ಮಗಳಿಗೂ ವಿಶ್ರಾಂತಿಯ ನಂತರದ ನಾಲ್ಕು ತಿಂಗಳು ಹಸಿರು ಚುಕ್ಕೆಯ ಚೆಂಡನ್ನೇ ಕೊಟ್ಟರು. ಮೊದಲ ವಾರ ಅವಳಿಗೆ ಅವಮಾನವಾದಂತಿತ್ತು. ಚಿಕ್ಕವರ ಚೆಂಡು ಎಂದು ಮುಖ ಊದಿಸಿಕೊಂಡಿದ್ದಳು.

ಕೇಂದ್ರವನ್ನು ನಡೆಸುವವರ ಬಗ್ಗೆ ಊರಿನಲ್ಲಿರುವ ದೂರು ಒಂದೇ: ಇವರು ಬೇಡ ಎನ್ನುವುದು ಜಾಸ್ತಿ. ಅದು ನಿಜವೂ ಹೌದು. ಮಗುವಿನ ವಯಸ್ಸು ಎಷ್ಟೋ ವಾರಕ್ಕೆ ಅಷ್ಟು ಗಂಟೆಗಿಂತ ಹೆಚ್ಚು ತರಬೇತಿ ಬೇಡ ಎಂಬುದು ಕ್ರೀಡಾ ವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ವಾರಕ್ಕೆ ಒಂದೆರಡು ದಿನ ಸಂಪೂರ್ಣ ಬಿಡುವನ್ನೂ, ಒಂದೇ ಆಟಕ್ಕೆ ಅಂಟಿಕೊಂಡ ಮಕ್ಕಳಿಗೆ ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ರಜೆಯನ್ನೂ ಸೂಚಿಸುತ್ತದೆ. ಇಲ್ಲಿ ಇವೆರಡನ್ನೂ ಅಕ್ಷರಶಃ ಪಾಲಿಸುತ್ತಾರೆ. ನೋವಿನ ಕಲಮಿನಲ್ಲಿ ಹತ್ತಕ್ಕೆ ನಾಲ್ಕು ಎಂದು ಬರೆದ ಮಗುವಿಗೆ ಆ ದಿನ ರ‍್ಯಾಕೆಟ್ ಇಲ್ಲ, ಅಂಕ ಬರೆಯುವ ಕೆಲಸ. ಸತತ ಎರಡು ದಿನ ಆರು ಗಂಟೆಗಿಂತ ಕಡಿಮೆ ನಿದ್ದೆ ಬರೆದವರಿಗೂ ಅಷ್ಟೆ. ಅರ್ಧವಾರ್ಷಿಕ ಪರೀಕ್ಷೆಯ ಸಮಯದಲ್ಲಿ ಮಗಳು ಹಾಗೆ ಬರೆದ ಸಂಜೆ, ಇವತ್ತು ಬೇಡ ಪುಟ್ಟಿ, ಮನೆಗೆ ಹೋಗಿ ಮಲಗು, ನಾಡಿದ್ದು ಬಾ ಎಂದು ಕಳಿಸಿಬಿಟ್ಟರು. ನಮ್ಮ ಮನೆಯಿರುವ ಗೋಪಾಳದಿಂದ ಅಷ್ಟು ದೂರ ಸ್ಕೂಟರಿನಲ್ಲಿ ಕರೆತಂದಿದ್ದ ನನಗೆ ಅಂದು ಸಿಟ್ಟು ಬಂದಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಮಕ್ಕಳು ಸುಳ್ಳು ಬರೆಯುವುದಿಲ್ಲವೇ ಎಂದು ಕೇಳಿದ್ದೆ. ಬರೆಯುತ್ತಾರೆ, ಆದರೆ ಎರಡು ದಿನ ಸುಳ್ಳು ಬರೆದವರ ಕಾಲು ಮೂರನೆಯ ದಿನ ನಿಜ ಹೇಳುತ್ತದೆ ಎಂದರು.

ಪಾಲಕರ ಅವಸರಕ್ಕೆ ಕಾರಣವಿಲ್ಲದಿಲ್ಲ. ಹನ್ನೆರಡರೊಳಗಿನ, ಹದಿನಾಲ್ಕರೊಳಗಿನ ರಾಷ್ಟ್ರೀಯ ರ‍್ಯಾಂಕಿಂಗ್ ಪಂದ್ಯಗಳಿಗೆಂದು ಬೆಂಗಳೂರಿಗೆ ರೈಲು ಹತ್ತಿದಾಗ, ಅಲ್ಲಿಯ ಮಕ್ಕಳು ದಿನಕ್ಕೆ ನಾಲ್ಕು ಗಂಟೆ ಆಡುತ್ತಾರೆಂದು ತಿಳಿದು ಎದೆ ಝಲ್ಲೆನ್ನುತ್ತದೆ. ಆದರೆ ಇತಿಹಾಸವೂ ಇದೆ. 1979ರಲ್ಲಿ ಹದಿನಾರನೆಯ ವಯಸ್ಸಿಗೇ ಅಮೆರಿಕನ್ ಓಪನ್ ಗೆದ್ದ ಟ್ರೇಸಿ ಆಸ್ಟಿನ್ ಅವರ ಆಟ ಬೆನ್ನಿನ ತೊಂದರೆಯಿಂದ ಇಪ್ಪತ್ತೊಂದರ ಹೊತ್ತಿಗೆ ಬಹುಮಟ್ಟಿಗೆ ಮುಗಿದೇಹೋಗಿತ್ತು. ಅದೇ ಕಾಲದ ಆಂಡ್ರಿಯಾ ಯೇಗರ್ ಅವರನ್ನು ಭುಜದ ಗಾಯ ಆಟದಿಂದ ಹೊರಗೆ ತಂದಿತು. ಹದಿಹರೆಯದ ಆಟಗಾರ್ತಿಯರು ವರ್ಷಕ್ಕೆ ಎಷ್ಟು ವೃತ್ತಿಪರ ಟೂರ್ನಿಗಳನ್ನು ಆಡಬಹುದೆಂಬುದಕ್ಕೆ ಮಹಿಳಾ ಟೆನಿಸ್ ಸಂಘವು 1995ರಲ್ಲಿ ಬಿಗಿ ಮಿತಿ ಹಾಕಿದ್ದು ಸುಮ್ಮನೆ ಅಲ್ಲ. ನಮ್ಮ ಸಾನಿಯಾ ಮಿರ್ಜಾ ಮಣಿಕಟ್ಟು ಮತ್ತು ಮೊಣಕಾಲುಗಳ ಶಸ್ತ್ರಚಿಕಿತ್ಸೆಗಳ ಬಳಿಕ 2013ರಲ್ಲಿ ಸಿಂಗಲ್ಸ್ ಬಿಟ್ಟು ಡಬಲ್ಸ್ ಹಿಡಿದರು. ಇನ್ನೊಂದು ತುದಿಯಲ್ಲಿ ಕೊಡಗಿನ ಕಾಫಿ ತೋಟದ ಹಿನ್ನೆಲೆಯ ರೋಹನ್ ಬೋಪಣ್ಣ 2024ರಲ್ಲಿ, 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿ ಎತ್ತಿದರು; ಸವೆದ ಮೊಣಕಾಲುಗಳನ್ನು ಅಯ್ಯಂಗಾರ್ ಯೋಗದಿಂದ ಸಂಭಾಳಿಸಿಕೊಂಡದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಕೇಂದ್ರದ ಮಾಡಿನ ಕೆಳಗೆ ಅವರದೊಂದು ಪತ್ರಿಕೆಯ ಚಿತ್ರ ಅಂಟಿಸಿದ್ದಾರೆ, ಅದರ ಕೆಳಗೆ ಬರೆದಿರುವುದು ಬರೀ 43 ಎಂಬ ಅಂಕಿ.

ಆ ಚಿತ್ರದ ಪಕ್ಕದ ಗೋಡೆಯಲ್ಲಿ ಪೆನ್ಸಿಲ್ಲಿನ ಗೀರುಗಳಿವೆ. ಮೂರು ತಿಂಗಳಿಗೊಮ್ಮೆ ಪ್ರತಿ ಮಗುವನ್ನೂ ಬರಿಗಾಲಲ್ಲಿ ನಿಲ್ಲಿಸಿ ಎತ್ತರ ಗುರುತಿಸುತ್ತಾರೆ. ಹುಡುಗಿಯರು ಸುಮಾರು ಹನ್ನೆರಡರ ಹೊತ್ತಿಗೆ, ಹುಡುಗರು ಹದಿನಾಲ್ಕರ ಹೊತ್ತಿಗೆ ಒಮ್ಮೆಲೇ ಜಿಗಿದು ಬೆಳೆಯುವ ಕಾಲದಲ್ಲಿ ಎಲುಬು ಮೊದಲು ಉದ್ದವಾಗುತ್ತದೆ, ಸ್ನಾಯು ಹಿಂದೆ ಉಳಿದು ಎಳೆದುಕೊಳ್ಳುತ್ತದೆ. ಆ ಎಳೆತವೆಲ್ಲ ಬೀಳುವುದು ಎಲುಬಿನ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಮೆದು ಭಾಗದ ಮೇಲೆ. ಹಿಮ್ಮಡಿಯಲ್ಲಾದರೆ ಅದಕ್ಕೆ ಸೀವರ್ಸ್ ಎನ್ನುತ್ತಾರೆ, ಮೊಣಕಾಲ ಚಿಪ್ಪಿನ ಕೆಳಗಿನ ಉಬ್ಬಿನಲ್ಲಾದರೆ ಆಸ್‌ಗುಡ್-ಶ್ಲ್ಯಾಟರ್. ಹೆಸರು ಕೇಳಿ ಹೆದರಬೇಕಾದ ಕಾಯಿಲೆಗಳಲ್ಲ ಇವು. ಆಟ ಕಡಿಮೆ ಮಾಡಿ, ಮೀನಖಂಡ ಮತ್ತು ತೊಡೆಯ ಸ್ನಾಯುಗಳನ್ನು ಸಡಿಲಿಸಿದರೆ, ಹಿಮ್ಮಡಿಗೆ ಮೆತ್ತೆ ಹಾಕಿದರೆ ಬೆಳವಣಿಗೆ ಮುಗಿಯುವಾಗ ತಾವಾಗಿಯೇ ಹೋಗುತ್ತವೆ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರಿಗಿಂತ ಹೆಚ್ಚು ಎತ್ತರವಾದ ಮಗುವಿನ ಹೆಸರಿನ ಮುಂದೆ ಲೆಕ್ಕದ ಪುಸ್ತಕದಲ್ಲಿ ಹಸಿರು ಶಾಯಿಯ ಗೆರೆ ಬೀಳುತ್ತದೆ, ಆ ಮೂರು ತಿಂಗಳು ನೆಗೆತ ಮತ್ತು ಸರ್ವ್ ಎರಡೂ ಕಡಿಮೆ. ಆದರೂ ಒಂದು ತಪ್ಪಿತು. ಮಗಳ ಜೊತೆಯ ಹುಡುಗನೊಬ್ಬ ಹಿಮ್ಮಡಿ ನೋವೆಂದು ಮೂರು ವಾರ ಬರೆದಿದ್ದರೂ, ಅಂಕ ಹತ್ತಕ್ಕೆ ಎರಡನ್ನು ದಾಟದಿದ್ದರಿಂದ ಯಾರೂ ಗಮನಿಸಲಿಲ್ಲ. ಸಣ್ಣ ನೋವು ಬಹಳ ದಿನ ಇರುವುದೂ ಒಂದು ಸೂಚನೆಯೇ ಎಂಬುದನ್ನು ಅವರ ಪದ್ಧತಿ ಗುರುತಿಸುವುದಿಲ್ಲ. ಇದನ್ನು ಎದುರಿಗೇ ಹೇಳಿದ್ದೇನೆ.

ಮಳೆಗಾಲ ಮಲೆನಾಡಿನ ಟೆನಿಸ್ಸಿಗೆ ಶಾಪವೆಂದು ಎಲ್ಲರೂ ಹೇಳುತ್ತಾರೆ. ಆಗುಂಬೆಯಷ್ಟು ಮಳೆ ಶಿವಮೊಗ್ಗ ನಗರಕ್ಕಿಲ್ಲದಿದ್ದರೂ, ಜೂನ್ ಕೊನೆಯಿಂದ ಮಣ್ಣಿನ ಕೋರ್ಟು ಗದ್ದೆಯಾಗುತ್ತದೆ, ಸಿಮೆಂಟ್ ಕೋರ್ಟಿನ ನೆರಳು ಬೀಳುವ ಮೂಲೆಯಲ್ಲಿ ಪಾಚಿ ಕಟ್ಟುತ್ತದೆ. ಇಲ್ಲಿ ಜುಲೈ, ಆಗಸ್ಟ್ ಎರಡು ತಿಂಗಳು ರ‍್ಯಾಕೆಟನ್ನೇ ಮುಟ್ಟಿಸುವುದಿಲ್ಲ. ಮಾಡಿನ ಕೆಳಗೆ ಹಗ್ಗದಾಟ, ಹೊಟ್ಟೆ ಸೊಂಟದ ವ್ಯಾಯಾಮ, ವಾರಕ್ಕೊಮ್ಮೆ ಈಜು, ಅರ್ಧ ಶುಲ್ಕ. ವರ್ಷದಲ್ಲಿ ಬೇಕಾದ ಬಿಡುವಿನ ಹೆಚ್ಚಿನ ಪಾಲನ್ನು ಆಕಾಶವೇ ಕೊಡುವಾಗ ಒಳಾಂಗಣ ಕೋರ್ಟು ಹುಡುಕಿಕೊಂಡು ಅಲೆಯುವುದೇಕೆ ಎಂಬ ಅವರ ವಾದ ನನಗೆ ಒಪ್ಪಿಗೆಯಾಗಿದೆ. ಒಪ್ಪಿಗೆಯಾಗದ್ದು ಸೆಪ್ಟೆಂಬರಿನ ಕೆಲಸ. ಆಟ ಮತ್ತೆ ಆರಂಭವಾದ ವಾರ ಸಿಮೆಂಟ್ ಕೋರ್ಟಿನ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿದ್ದರೂ ಬೇಸ್‌ಲೈನಿನ, ಅಂದರೆ ಕೋರ್ಟಿನ ಕೊನೆಯ ಗೆರೆಯ, ಹಿಂದಿನ ಎರಡಡಿ ಪಟ್ಟಿಯನ್ನು ಬಿಟ್ಟಿದ್ದರು. ಅಲ್ಲಿ ಹಿಂದೆ ಸರಿದು ಚೆಂಡು ಎತ್ತಲು ಹೋದ ಹದಿಮೂರರ ಹುಡುಗ ಜಾರಿ ಕಾಲು ಹೊರಳಿಸಿಕೊಂಡ. ಅವನ ಕಾಲಲ್ಲಿದ್ದದ್ದು ಓಟದ ಬೂಟು. ಮುಂದಕ್ಕೆ ಓಡಲು ಮಾಡಿದ ಎತ್ತರದ ಮೆತ್ತನೆಯ ಹಿಮ್ಮಡಿ ಅಡ್ಡಕ್ಕೆ ಜಾರುವಾಗ ಕಾಲನ್ನು ಇನ್ನಷ್ಟು ಹೊರಳಿಸುತ್ತದೆ. ಬೂಟಿನ ವಿಷಯದಲ್ಲಿ ಮಾತ್ರ ಇವರು ಏಕೋ ಸಡಿಲ, ಅಡಿಭಾಗ ಚಪ್ಪಟೆಯಾದ, ಪಕ್ಕ ಗಟ್ಟಿಯಿರುವ ಟೆನಿಸ್ ಬೂಟನ್ನು ಕಡ್ಡಾಯ ಮಾಡಿಲ್ಲ.

ಬಿದ್ದ ಮೇಲೆ ನಡೆದದ್ದರಲ್ಲಿ ಒಳ್ಳೆಯದೂ ಇತ್ತು. ಉಳುಕು ತೆಗೆಯುವವರ ಬಳಿ ಕರೆದೊಯ್ಯುತ್ತೇನೆಂದು ಹೊರಟ ಹುಡುಗನ ದೊಡ್ಡಪ್ಪನನ್ನು ತಡೆದು, ಊದಿದ ಕಾಲನ್ನು ಮೊದಲ ಎರಡು ಮೂರು ದಿನ ಯಾರೂ ತಿಕ್ಕಬಾರದು, ಎಳೆಯಬಾರದು ಎಂದು ವಿವರಿಸಿದರು. ಕಾಲ ಮಣಿಕಟ್ಟಿನ ಎರಡೂ ಬದಿಯ ಎಲುಬಿನ ಹಿಂಭಾಗವನ್ನು ಒತ್ತಿ ನೋಡಿದರು, ನಾಲ್ಕು ಹೆಜ್ಜೆ ಹಾಕಲು ಆಗುತ್ತದೆಯೇ ಎಂದು ಕೇಳಿದರು. ಎಲುಬಿನ ಮೇಲೆಯೇ ನೋವಿದ್ದರೆ ಅಥವಾ ನಾಲ್ಕು ಹೆಜ್ಜೆ ಆಗದಿದ್ದರೆ ಎಕ್ಸ್‌ರೇ ಬೇಕೇಬೇಕು. ಮಕ್ಕಳಲ್ಲಂತೂ ಎಲುಬುಗಳನ್ನು ಕಟ್ಟಿಹಿಡಿಯುವ ಲಿಗಮೆಂಟಿಗಿಂತ ಎಲುಬಿನ ಬೆಳೆಯುವ ತುದಿಯೇ ದುರ್ಬಲವಾದ್ದರಿಂದ ಬರೀ ಉಳುಕೆಂದು ಕಂಡದ್ದು ಮುರಿತವೂ ಆಗಿರಬಹುದು. ಅದೃಷ್ಟಕ್ಕೆ ಅವನದು ಉಳುಕೇ ಆಗಿತ್ತು. ಆದರೆ ಮಂಜುಗಡ್ಡೆ ಇರಲಿಲ್ಲ. ಪಕ್ಕದ ಬೇಕರಿಯಿಂದ ತಣ್ಣನೆಯ ಹಾಲಿನ ಪ್ಯಾಕೆಟ್ಟುಗಳನ್ನು ತಂದು ಬಟ್ಟೆ ಸುತ್ತಿ ಇಟ್ಟರು. ಗಾಯ ತಡೆಯುವುದರಲ್ಲಿ ಇಷ್ಟು ಶ್ರದ್ಧೆಯಿರುವ ಜಾಗದಲ್ಲಿ ಒಂದು ಐಸ್ ಡಬ್ಬಿ ಇಲ್ಲದಿರುವುದು ನನಗೆ ಅರ್ಥವಾಗದ ಸಂಗತಿ.

ಉಳಿದ ಕೊರತೆಗಳನ್ನು ಬೇಗ ಹೇಳಿಬಿಡುತ್ತೇನೆ. ಸಂಜೆ ಆರೂವರೆಯ ಮೇಲೆ ದೀಪ ಸಾಲದು. ಹುಡುಗಿಯರಿಗೆ ಬಟ್ಟೆ ಬದಲಿಸಲು ಸರಿಯಾದ ಕೋಣೆಯಿಲ್ಲ. ಫಿಸಿಯೋಥೆರಪಿಸ್ಟ್ ತಿಂಗಳಿಗೊಮ್ಮೆ ಬರುತ್ತಾರೆ, ಎರಡು ಸಲ ಬರಲೇ ಇಲ್ಲ. ಬೇಸಿಗೆಯಲ್ಲಿ ಓಆರ್‌ಎಸ್ ಮತ್ತು ಉಪ್ಪು ಹಾಕಿದ ಮಜ್ಜಿಗೆಯ ವ್ಯವಸ್ಥೆ ಚೆನ್ನಾಗಿದೆ, ಏಪ್ರಿಲಿನಲ್ಲಿ ಆಟವನ್ನು ಬೆಳಗ್ಗೆ ಆರಕ್ಕೆ ಬದಲಿಸುತ್ತಾರೆ. ತಿಂಗಳ ಶುಲ್ಕ 3,200 ರೂಪಾಯಿ, ಮೂರು ತಿಂಗಳದ್ದು ಒಟ್ಟಿಗೆ. ನಡುವೆ ಬಿಟ್ಟರೆ ವಾಪಸಿಲ್ಲ. ಬೇಗ ಪದಕ ಬೇಕೆನ್ನುವವರಿಗೆ ಇದು ಹಿಡಿಸುವ ಜಾಗವಲ್ಲ. ಇಬ್ಬರು ಆಗಲೇ ಬಿಟ್ಟು ಹೋಗಿದ್ದಾರೆ, ಮತ್ತು ಅವರ ಮಕ್ಕಳು ಜಿಲ್ಲಾ ಮಟ್ಟದಲ್ಲಿ ನನ್ನ ಮಗಳಿಗಿಂತ ಮುಂದಿದ್ದಾರೆ.

ನನ್ನ ದೊಡ್ಡ ಆಕ್ಷೇಪ ಆ ಪುಸ್ತಕದ ಮೇಲೆಯೇ ಇತ್ತು. ಡಿಸೆಂಬರಿನಲ್ಲಿ ಮಗಳ ಭುಜ ನೋಯತೊಡಗಿತು. ಪುಸ್ತಕದ ಪ್ರಕಾರ ಅವಳು ಮಿತಿಯೊಳಗೇ ಇದ್ದಳು, ವಾರಕ್ಕೆ ನೂರಿಪ್ಪತ್ತು ಸರ್ವ್ ದಾಟಿರಲಿಲ್ಲ. ಎರಡು ವಾರ ಎಲ್ಲರೂ ತಲೆ ಕೆಡಿಸಿಕೊಂಡ ಮೇಲೆ ಅವಳ ಬಾಯಿಂದಲೇ ಗೊತ್ತಾಯಿತು: ಶಾಲೆಯಲ್ಲಿ ತಾಲ್ಲೂಕು ಮಟ್ಟದ ಥ್ರೋಬಾಲ್ ಪಂದ್ಯಕ್ಕೆಂದು ಪ್ರತಿ ಮಧ್ಯಾಹ್ನ ಒಂದು ಗಂಟೆ ಅಭ್ಯಾಸ, ಎಸೆತವೆಲ್ಲ ಭುಜದ ಮೇಲಿನಿಂದ, ಅದೇ ಬಲಗೈಯಲ್ಲಿ. ಶಾಲೆಯವರು ಅದನ್ನು ಎಣಿಸುತ್ತಿರಲಿಲ್ಲ, ಇವರ ಪುಸ್ತಕದಲ್ಲಿ ಅದಕ್ಕೆ ಜಾಗವಿರಲಿಲ್ಲ, ಕೈಗೆ ಮಾತ್ರ ಎರಡೂ ಲೆಕ್ಕ ಗೊತ್ತಿತ್ತು. ಈ ಮಾತನ್ನು ತುಸು ಜೋರಾಗಿಯೇ ಆಡಿದೆ. ಅವರು ಏನೂ ಹೇಳಲಿಲ್ಲ. ಮರುದಿನ ಹೋದಾಗ, ನಿದ್ದೆಯ ಕಲಮಿಗೂ ನೋವಿನ ಕಲಮಿಗೂ ನಡುವಿನ ಇಕ್ಕಟ್ಟಿನಲ್ಲಿ ಸ್ಕೇಲಿಟ್ಟು ಪೆನ್ಸಿಲ್ಲಿನಿಂದ ಹೊಸ ಗೆರೆಯೊಂದನ್ನು ಎಳೆದಿದ್ದರು. ಮೇಲೆ ಸಣ್ಣ ಅಕ್ಷರದಲ್ಲಿ ‘ಬೇರೆ ಆಟ’ ಎಂದಿತ್ತು, ಮತ್ತು ಅದರ ಕೆಳಗೆ ಆಗಲೇ ಒಂಬತ್ತು ಮಕ್ಕಳು ಕಬಡ್ಡಿ, ಖೋಖೋ, ವಾಲಿಬಾಲ್ ಎಂದು ಬರೆದುಬಿಟ್ಟಿದ್ದರು.